ಸ್ಪಂಜಿನಿಂದ ಕೀಮೋವರೆಗೆ

(1/4)
ಸ್ಪಂಜು ಅಂದ್ರೆ ನಿಮಗೆ ಏನು ನೆನಪಾಗುತ್ತೆ? ಪಾತ್ರೆ ತಿಕ್ಕೋದು, ಅಲ್ವಾ? ನನಗೂ ಅಷ್ಟೇ ಗೊತ್ತಿದ್ದಿದ್ದು. ಹೋದ ವರ್ಷ ಚಿಕ್ಕಮ್ಮನಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾದಾಗ ಫೈಲ್ ಹಿಡ್ಕೊಂಡು ಓಡಾಡ್ತಿದ್ದವನು ನಾನೇ. ಬಿಲ್‌ಗಳಲ್ಲಿ 'ಸೈಟರಾಬಿನ್' ಅನ್ನೋ ಹೆಸರು ಮತ್ತೆ ಮತ್ತೆ ಬರ್ತಿತ್ತು. ಬಿಕಾಂ ಹುಡುಗ, ಬಿಲ್ ಬಿಟ್ರೆ ಬೇರೇನು ಅರ್ಥ ಆಗುತ್ತೆ! ಕಾಯೋ ಹೊತ್ತಲ್ಲಿ ಆ ಹೆಸರಿನ ಇತಿಹಾಸ ಹುಡುಕಿದೆ. ಅದು ಸೀದಾ ಸಮುದ್ರದ ತಳಕ್ಕೆ ಕರ್ಕೊಂಡು ಹೋಯ್ತು.

(2/4)
ಸಮುದ್ರದ ಸ್ಪಂಜು ಗಿಡ ಅಲ್ಲ, ಪ್ರಾಣಿ. ಕಾಲಿಲ್ಲ, ಮಿದುಳಿಲ್ಲ. ಒಂದೇ ಕಡೆ ಅಂಟಿಕೊಂಡು ನೀರು ಸೋಸಿ ಬದುಕುತ್ತೆ. ಓಡಿಹೋಗೋಕೆ ಆಗದ ಈ ಪ್ರಾಣಿಗೆ ರಾಸಾಯನಿಕಗಳೇ ರಕ್ಷಣೆ.

1945ರಲ್ಲಿ ಯೇಲ್ ವಿಶ್ವವಿದ್ಯಾಲಯದ ವರ್ನರ್ ಬರ್ಗ್‌ಮನ್ ಫ್ಲಾರಿಡಾ ಕರಾವಳಿಯಲ್ಲಿ ಒಂದು ಸ್ಪಂಜು ಸಂಗ್ರಹಿಸಿದರು. ಅದರಲ್ಲಿ ಅವರಿಗೂ ರಾಬರ್ಟ್ ಫೀನಿಗೂ ವಿಚಿತ್ರವಾದ ವಸ್ತುಗಳು ಸಿಕ್ಕವು. ಡಿಎನ್‌ಎ ಕಟ್ಟುವ ತುಣುಕುಗಳ ತರಹವೇ ಇದ್ದವು, ಆದ್ರೆ ಒಳಗಿನ ಸಕ್ಕರೆ ಮಾತ್ರ ಬೇರೆ, ಅರಾಬಿನೋಸ್.

ಇದನ್ನ ಖೋಟಾ ನೋಟು ಅಂದ್ಕೊಳ್ಳಿ. ಕ್ಯಾನ್ಸರ್ ಕೋಶ ಅವಸರದಲ್ಲಿ ಡಿಎನ್‌ಎ ನಕಲು ಮಾಡ್ತಿರುತ್ತೆ. ನೋಡೋಕೆ ಒಂದೇ ತರಹ ಇರೋದ್ರಿಂದ ಖೋಟಾ ತುಣುಕನ್ನೂ ಒಳಗೆ ಸೇರಿಸಿಕೊಳ್ಳುತ್ತೆ. ಅಲ್ಲಿಗೆ ಕೆಲಸ ನಿಲ್ಲುತ್ತೆ.

ಈ ಸುಳಿವಿನ ದಾರಿಯಲ್ಲೇ 1959ರಲ್ಲಿ ಬರ್ಕ್ಲಿಯ ಪ್ರಯೋಗಾಲಯದಲ್ಲಿ ಸೈಟರಾಬಿನ್ ತಯಾರಾಯ್ತು. 1969ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಗಮನಿಸಿ, ಔಷಧಿಯನ್ನ ಸ್ಪಂಜಿನಿಂದ ಹಿಂಡಿ ತೆಗೀತಾರೆ ಅಂತಲ್ಲ. ಸ್ಪಂಜು ಕೊಟ್ಟಿದ್ದು ಮಾದರಿ. ಇನ್ನೊಂದು ಮಾತು: ಬೇಗ ಬೆಳೆಯೋ ಒಳ್ಳೆ ಕೋಶಗಳಿಗೂ ಇದರ ಪೆಟ್ಟು ಬೀಳುತ್ತೆ. ಚಿಕ್ಕಮ್ಮನ ಕೂದಲು ಉದುರಿದ್ದು, ಬಾಯಿ ಹುಣ್ಣಾಗಿ ಗಂಜಿಯೂ ಇಳಿಯದೇ ಇದ್ದಿದ್ದು ಅದಕ್ಕೇ.

(3/4)
ಈಗ ನಮ್ಮ ಕಾಮರ್ಸ್ ಪಾಠ: ಸಪ್ಲೈ. 1986ರಲ್ಲಿ ಜಪಾನಿನ ಹಿರಾಟಾ ಮತ್ತು ಉಎಮುರಾ ಇನ್ನೊಂದು ಜಾತಿಯ ಸ್ಪಂಜಿನಲ್ಲಿ 'ಹ್ಯಾಲಿಕಾಂಡ್ರಿನ್ ಬಿ' ಕಂಡುಹಿಡಿದರು. 600 ಕೆಜಿ ಸ್ಪಂಜಿಗೆ ಸಿಕ್ಕಿದ್ದು 12.5 ಮಿಲಿಗ್ರಾಂ! ಒಂದು ಅಕ್ಕಿ ಕಾಳಿನಷ್ಟೂ ತೂಕ ಇಲ್ಲ. ಹೀಗೆ ಔಷಧಿ ಮಾಡೋಕೆ ಹೋದ್ರೆ ಸಮುದ್ರದಲ್ಲಿ ಆ ಸ್ಪಂಜೇ ಉಳಿಯಲ್ಲ.

1992ರಲ್ಲಿ ಹಾರ್ವರ್ಡ್‌ನ ಯೋಶಿಟೊ ಕಿಶಿ ತಂಡ ಆ ಅಣುವನ್ನ ಪ್ರಯೋಗಾಲಯದಲ್ಲೇ ಕಟ್ಟಿತು. ಅದರ ಅರ್ಧ ಭಾಗವೇ ಕೆಲಸ ಮಾಡುತ್ತೆ ಅಂತ ಗೊತ್ತಾಗಿ, ಐಸಾಯ್ ಕಂಪನಿ 'ಎರಿಬುಲಿನ್' ತಯಾರಿಸಿತು. 2010ರಲ್ಲಿ, ದೇಹದಲ್ಲಿ ಹರಡಿದ ಸ್ತನ ಕ್ಯಾನ್ಸರ್‌ಗೆ ಅನುಮತಿ ಬಂತು. 762 ಮಹಿಳೆಯರ ಅಧ್ಯಯನದಲ್ಲಿ ಬೇರೆ ಚಿಕಿತ್ಸೆ ಪಡೆದವರ ಬದುಕು 10.6 ತಿಂಗಳಿದ್ರೆ, ಇದನ್ನ ಪಡೆದವರದ್ದು 13.1 ತಿಂಗಳು. ಮೀಡಿಯನ್ ಲೆಕ್ಕ, ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಓದಿದ್ವಲ್ಲ ಅದೇ. ಎರಡೂವರೆ ತಿಂಗಳು ಅಷ್ಟೇನಾ ಅನ್ಸುತ್ತಾ? ವಾರ್ಡಿನ ಹೊರಗೆ ಒಂದು ರಾತ್ರಿ ಕೂತು ನೋಡಿ.

(4/4)
1945ರಿಂದ 1969. 1986ರಿಂದ 2010. ಎರಡೂ ಸಲ 24 ವರ್ಷ. ನಮ್ಮ ವಯಸ್ಸಿಗಿಂತ ಜಾಸ್ತಿ! ಅದಕ್ಕೇ 'ಇದನ್ನ ತಿಂದ್ರೆ ಕ್ಯಾನ್ಸರ್ ಮಾಯ' ಅನ್ನೋ ಫಾರ್ವರ್ಡ್ ಬಂದ್ರೆ ದಯವಿಟ್ಟು ಮುಂದೆ ಕಳಿಸ್ಬೇಡಿ.

ಚಿಕ್ಕಮ್ಮ ಈಗ ಮನೆಯಲ್ಲಿದ್ದಾರೆ, ಚೆಕಪ್ ನಡೀತಿದೆ. ಈ ಕಥೆ ಹೇಳಿದ್ರೆ, "ಅಯ್ಯೋ, ಪಾತ್ರೆ ತಿಕ್ಕೋದ್ರಲ್ಲಿ ಔಷಧಿ ಇತ್ತೇನೋ?" ಅಂತ ನಕ್ಕರು. "ಅದು ಪ್ಲಾಸ್ಟಿಕ್ ಚಿಕ್ಕಮ್ಮ" ಅಂದೆ.

ಕೀಮೋ ಸಮಯದಲ್ಲಿ ಅವರಿಗೆ ಪ್ಲೇಟ್‌ಲೆಟ್ ಕೊಟ್ಟಿದ್ದು ನಮ್ಮ ಕ್ಲಾಸಿನವರೇ ಮೂರು ಜನ. 18 ತುಂಬಿ ಆರೋಗ್ಯವಾಗಿದ್ರೆ ನೀವೂ ಒಮ್ಮೆ ರಕ್ತ ಕೊಡಿ. ಕೊಟ್ಟಿದ್ರೆ ಕಾಮೆಂಟಲ್ಲಿ ಹೇಳಿ.

#ಇತಿಹಾಸ #ಸ್ಪಂಜು #ರಕ್ತದಾನ