ಚೌಳುಮಣ್ಣಿನಿಂದ ಸಾಬೂನು ಪುಡಿಗೆ

ಕನ್ನಡದಲ್ಲಿ ‘ಮಡಿ’ ಎಂದರೆ ಒಗೆದ ಬಟ್ಟೆಯೂ ಹೌದು, ಶುಚಿತ್ವವೂ ಹೌದು. ಆ ಮಡಿಯನ್ನು ಒದಗಿಸಿದವನು ಮಡಿವಾಳ. ಅವನನ್ನೇ ಅಗಸನೆಂದೂ ಹಳಗನ್ನಡದಲ್ಲಿ ಅಸಗನೆಂದೂ ಕರೆದರು. ಕ್ರಿ.ಶ. 853ರಲ್ಲಿ ಸಂಸ್ಕೃತ ‘ವರ್ಧಮಾನಚರಿತ’ವನ್ನು ರಚಿಸಿದ ಕವಿಯ ಹೆಸರೂ ಅಸಗನೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ (ನಾವು ಲೋಕಲ್ ರೈಲಿನಿಂದ ಇಳಿಯುವ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ) ಶರಣರ ಬಟ್ಟೆಗಳನ್ನು ಮಡಿಮಾಡುತ್ತಿದ್ದ ದೇವರ ಹಿಪ್ಪರಗಿಯ ಮಾಚಿದೇವನು ವಚನಕಾರರ ಪಂಕ್ತಿಯಲ್ಲಿ ಪೂಜ್ಯನಾದನು. ಕಾಯಕದ ಹಿರಿಮೆಯನ್ನು ಹೇಳುವಾಗ ಅವನನ್ನು ಸ್ಮರಿಸುವ ನಾವು, ಆ ಕಾಯಕದೊಳಗಿದ್ದ ವಿದ್ಯೆಯನ್ನು ಕುರಿತು ಬರೆದುದು ತೀರ ಕಡಿಮೆ. ಜಾತಿಯ ಕಟ್ಟಿನಲ್ಲಿ ಕೆಳಗಿರಿಸಿದ ಕೈಗಳ ವಿದ್ಯೆಯಾದುದರಿಂದಲೇ ಅದು ಗ್ರಂಥಸ್ಥವಾಗಲಿಲ್ಲವೆಂದು ನನ್ನ ಅಭಿಪ್ರಾಯ.

ಆ ವಿದ್ಯೆಯ ಮೂಲದ್ರವ್ಯ ಚೌಳುಮಣ್ಣು. ಬಯಲುಸೀಮೆಯ ಒಣನೆಲದ ಮೇಲೆ ಬೇಸಗೆಯಲ್ಲಿ ಬೆಳ್ಳಗೆ ಏಳುವ ಈ ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟ್, ಎಂದರೆ ಬಟ್ಟೆ ಒಗೆಯುವ ಸೋಡಾ, ಇರುತ್ತದೆ. ಅದರ ನೀರಿನಲ್ಲಿ ನೆನೆಸಿದ ಅರಿವೆಗಳನ್ನು ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿದಾಗ, ಕ್ಷಾರವು ಮೈಜಿಡ್ಡಿನೊಡನೆ ಕೂಡಿ ಬಟ್ಟೆಯಲ್ಲಿಯೇ ಅಷ್ಟಿಷ್ಟು ಸಾಬೂನು ಹುಟ್ಟುತ್ತಿತ್ತು. ಸಾಬೂನನ್ನು ಕೊಳ್ಳದೆಯೇ ಪಡೆಯುವ ಈ ಉಪಾಯ ಸಾಮಾನ್ಯವಾದುದಲ್ಲ. ಆದರೆ ಉಬ್ಬೆ ಸಲ್ಲುವುದು ಹತ್ತಿಯ ಬಟ್ಟೆಗೆ. ರೇಷ್ಮೆ, ಉಣ್ಣೆಗಳು ಪ್ರಾಣಿಜನ್ಯ ನೂಲುಗಳಾದುದರಿಂದ ಕ್ಷಾರವನ್ನು ತಾಳಲಾರವು. ಅವಕ್ಕೆ ಅಂಟುವಾಳದ ನೊರೆ. ಯಾವ ಅರಿವೆಗೆ ಯಾವುದು, ಎಷ್ಟು, ಎಷ್ಟು ಹೊತ್ತು ಎಂಬ ವಿವೇಚನೆಯೇ ಆ ಕಸುಬಿನ ನಿಜವಾದ ಬಂಡವಾಳವಾಗಿತ್ತು.

1888ರಲ್ಲಿ ಲೀವರ್ ಸಂಸ್ಥೆಯ ಸನ್‌ಲೈಟ್ ಸಾಬೂನು ಕಲಕತ್ತೆಯ ಬಂದರಿನಲ್ಲಿ ಇಳಿಯಿತು. ಸಾಬೂನಿಗೊಂದು ದೋಷವುಂಟು: ಗಡಸು ನೀರಿನ ಸುಣ್ಣದಂಶದೊಡನೆ ಕೂಡಿ ಗಸಿಯಾಗಿ ಬಟ್ಟೆಗೆ ಹತ್ತುತ್ತದೆ. ಕೃತಕ ಮಾರ್ಜಕಗಳಿಗೆ ಈ ತೊಡಕು ಕಡಿಮೆ. 1959ರಲ್ಲಿ ಸರ್ಫ್ ಪುಡಿ ಬಂದಿತು. ಕಲ್ಲಿಗೆ ಬಡಿಯುವ ಬದಲು ಬಕೆಟ್ಟಿನಲ್ಲಿ ನೆನೆಸುವ ಪದ್ಧತಿ ನಗರದ ಮನೆಗಳಲ್ಲಿ ಹಬ್ಬಿತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ನಿರ್ಮಾ ಪುಡಿಯನ್ನು ಅಗ್ಗದ ಬೆಲೆಗೆ ಮಾರತೊಡಗಿದರು. ಇಂಥ ಅಗ್ಗದ ಪುಡಿಗಳಲ್ಲಿ ಸೋಡಾದ ಪಾಲೇ ದೊಡ್ಡದು! ಚೌಳು ಪೊಟ್ಟಣದೊಳಗೆ ಸೇರಿ ಮನೆಗೆ ಬಂದಿತು. ಮಡಿವಾಳನ ವಿವೇಚನೆ ಬರಲಿಲ್ಲ.

ಠಾಣೆ, ಡೊಂಬಿವಲಿಗಳ ನಮ್ಮ ಮನೆಗಳಲ್ಲಿ ಇದರ ಫಲವನ್ನು ಕಾಣಬಹುದು. ನೊರೆ ಹೆಚ್ಚಿದಷ್ಟೂ ಕೊಳೆ ಹೋಗುವುದೆಂಬ ನಂಬಿಕೆ ಬಲವಾಗಿದೆ. ಕೊಳೆಯನ್ನು ಬಿಡಿಸುವುದು ನೊರೆಯಲ್ಲ, ನೀರಿನಲ್ಲಿ ಕರಗಿದ ಮಾರ್ಜಕ. ಅಳತೆ ಮೀರಿದ ಪುಡಿ ಒಂದೆರಡು ಸಲ ಜಾಲಿಸಿದರೆ ಹೋಗದೆ, ನೂಲಿನಲ್ಲಿ ಉಳಿದು ಬಟ್ಟೆಯನ್ನು ಬಿರುಸಾಗಿಸುತ್ತದೆ. ಮುಂಬಾಗಿಲಿನ ಯಂತ್ರದಲ್ಲಂತೂ ನೊರೆಯೇ ಮೆತ್ತೆಯಂತಾಗಿ ಬಟ್ಟೆಯ ಬಡಿತಕ್ಕೆ ಅಡ್ಡಬರುತ್ತದೆ. ಊರಿನಿಂದ ತಂದ ಇಳಕಲ್ಲ ಸೀರೆಯ ಒಡಲು ಹಲವು ವೇಳೆ ಹತ್ತಿ, ಸೆರಗು ರೇಷ್ಮೆ. ಒಂದೇ ಬಟ್ಟೆಯಲ್ಲಿ ಎರಡು ನೂಲುಗಳಿರುವಾಗ ಸೂಕ್ಷ್ಮವಾದುದನ್ನು ಅನುಸರಿಸಿ ತಣ್ಣೀರಿನಲ್ಲಿ, ಅಂಟುವಾಳ ಹಾಕಿ, ಬೇರೆಯಾಗಿ ಒಗೆಯುವುದು ಲೇಸು. ಇಲ್ಲಿಯ ಅಂಗಡಿಗಳಲ್ಲಿ ಅದನ್ನು ‘ರಿಠಾ’ ಎಂದು ಕೇಳಬೇಕು.