ವಯಸ್ಕರಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಸಿಗಡಿ ಅಲರ್ಜಿ: ಸಾರ್ವಜನಿಕರಿಗೆ ಮಾಹಿತಿ

ಆಹಾರದ ಅಲರ್ಜಿಯು ಮಕ್ಕಳಿಗೆ ಮಾತ್ರ ಸಂಬಂಧಿಸಿದ್ದೆಂಬ ಭಾವನೆ ಸರಿಯಲ್ಲ. ದಶಕಗಳ ಕಾಲ ತೊಂದರೆಯಿಲ್ಲದೆ ಸೇವಿಸಿದ ಪದಾರ್ಥಕ್ಕೂ ನಡುವಯಸ್ಸಿನಲ್ಲಿ ಅಲರ್ಜಿ ಆರಂಭವಾಗಬಹುದು. ವಯಸ್ಕರಲ್ಲಿ ಇದಕ್ಕೆ ಕಾರಣವಾಗುವ ಆಹಾರಗಳಲ್ಲಿ ಸಿಗಡಿ (ಕುಂದಾಪುರದ ಕಡೆ ಚಟ್ಲಿ, ತುಳುವಿನಲ್ಲಿ ಎಟ್ಟಿ) ಮತ್ತು ಏಡಿ ಪ್ರಮುಖವಾದವು. ಚಿಕ್ಕಂದಿನಿಂದ ತಿಂದ ಪದಾರ್ಥವನ್ನು ಯಾರೂ ಸಂಶಯಿಸುವುದಿಲ್ಲ. ಮೈಮೇಲೆದ್ದ ದದ್ದುಗಳನ್ನು ಪಿತ್ತದ ಗಂಧೆಯೆಂದು ಭಾವಿಸಿ ಸುಮ್ಮನಾಗುತ್ತಾರೆ; ಮುಂದಿನ ಬಾರಿಯ ಪ್ರತಿಕ್ರಿಯೆ ತೀವ್ರವಾಗಿರಬಹುದು.

ಸಿಗಡಿಯ ಸ್ನಾಯುವಿನಲ್ಲಿರುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನ್ ಇದರ ಮುಖ್ಯ ಕಾರಣ. ಬೇಯಿಸುವುದರಿಂದ ಅಥವಾ ಹುರಿಯುವುದರಿಂದ ಇದು ನಾಶವಾಗುವುದಿಲ್ಲ. ಒಣ ಸಿಗಡಿಯ ಚಟ್ನಿಯೂ ಸುರಕ್ಷಿತವಲ್ಲ. ಇದನ್ನೇ ಹೋಲುವ ಪ್ರೋಟೀನ್ ಮನೆಯ ಧೂಳಿನ ನುಸಿಗಳಲ್ಲಿಯೂ ಜಿರಲೆಗಳಲ್ಲಿಯೂ ಇದೆ. ಮೀನಿನ ಅಲರ್ಜಿ ಬೇರೆಯಾದುದು. ಸಿಗಡಿ ಒಗ್ಗದವರಲ್ಲಿ ಅನೇಕರು ಮೀನು ಸೇವಿಸಬಲ್ಲರು, ಆದರೆ ಎರಡನ್ನೂ ಒಂದೇ ಎಣ್ಣೆಯಲ್ಲಿ ಕರಿದಿರಬಾರದು.

ಸಾಮಾನ್ಯವಾಗಿ ಸೇವಿಸಿದ ಕೆಲವು ನಿಮಿಷಗಳಿಂದ 2 ಗಂಟೆಯೊಳಗೆ ತುರಿಕೆ, ದದ್ದು, ತುಟಿಯ ಊತ, ವಾಂತಿ ಕಾಣಿಸಿಕೊಳ್ಳುತ್ತವೆ. ಉಸಿರಾಟದ ತೊಂದರೆ, ಗಂಟಲು ಬಿಗಿತ, ತಲೆಸುತ್ತು ಅಥವಾ ಪ್ರಜ್ಞೆ ತಪ್ಪುವಿಕೆ ಪ್ರಾಣಾಪಾಯದ ಚಿಹ್ನೆಗಳು. ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರಾಟ ಕಷ್ಟವಾದಲ್ಲಿ ಕುಳ್ಳಿರಿಸಬಹುದು, ಆದರೆ ನಡೆಸಬಾರದು. ಇದಕ್ಕೆ ಮೊದಲ ಔಷಧಿ ತೊಡೆಯ ಸ್ನಾಯುವಿಗೆ ನೀಡುವ ಅಡ್ರಿನಾಲಿನ್ ಚುಚ್ಚುಮದ್ದು. ಅಲರ್ಜಿಯ ಮಾತ್ರೆ ನುಂಗಿ ಮನೆಯಲ್ಲಿ ಕಾಯುವುದು ಅಪಾಯಕರ. ಚೇತರಿಸಿಕೊಂಡ ನಂತರವೂ ಲಕ್ಷಣಗಳು ಮರುಕಳಿಸಬಹುದಾದುದರಿಂದ ವೈದ್ಯರು ಹೇಳುವವರೆಗೆ ಆಸ್ಪತ್ರೆಯಲ್ಲಿಯೇ ಇರಬೇಕು.

ಪರೀಕ್ಷೆಗೆ ಬರುವವರು ಏನು ತಿಂದರು, ಎಷ್ಟು ಹೊತ್ತಿಗೆ ಲಕ್ಷಣ ಕಂಡಿತು, ಅಂದು ನೋವಿನ ಮಾತ್ರೆ, ಮದ್ಯ ಅಥವಾ ಕಠಿಣ ವ್ಯಾಯಾಮ ಇತ್ತೇ ಎಂಬುದನ್ನು ಬರೆದು ತರುವುದು ಉತ್ತಮ; ಇವು ಪ್ರತಿಕ್ರಿಯೆಯನ್ನು ಹೆಚ್ಚಿಸಬಲ್ಲವು. ಚರ್ಮದ ಪರೀಕ್ಷೆಗೆ ಮುನ್ನ ಅಲರ್ಜಿ ಮಾತ್ರೆಗಳನ್ನು ಎಂದಿನಿಂದ ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿಕೊಳ್ಳಬೇಕು. ಪರೀಕ್ಷೆಯ ಫಲಿತಾಂಶವೊಂದರಿಂದಲೇ ಅಲರ್ಜಿ ಖಚಿತವಾಗುವುದಿಲ್ಲ, ರೋಗಿಯ ವಿವರಣೆಗೇ ಹೆಚ್ಚು ಬೆಲೆ. ಮನೆಯಲ್ಲಿ "ಸ್ವಲ್ಪ ತಿಂದು ನೋಡುವ" ಪ್ರಯೋಗ ಸಲ್ಲದು.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಲೇಬಲಿಂಗ್ ಮತ್ತು ಪ್ರದರ್ಶನ) ನಿಯಮಾವಳಿ, 2020ರ ಪ್ರಕಾರ ಪೊಟ್ಟಣದ ಆಹಾರದಲ್ಲಿ ಸಿಗಡಿ, ಏಡಿ ಮುಂತಾದವು ಘಟಕಾಂಶವಾಗಿದ್ದಲ್ಲಿ ಲೇಬಲ್‌ನಲ್ಲಿ ತಿಳಿಸುವುದು ಕಡ್ಡಾಯ. ತಿಳಿಸದಿದ್ದಲ್ಲಿ ಪೊಟ್ಟಣವನ್ನು ಎಸೆಯದೆ, ಅದರ ಮೇಲಿನ 14 ಅಂಕಿಗಳ ಪರವಾನಗಿ ಸಂಖ್ಯೆ ಹಾಗೂ ಖರೀದಿಯ ರಸೀದಿಯೊಂದಿಗೆ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು.