ಗಿಲಾಯುವೂ ಲಿಂಫೋಮವೂ

ಸುಶ್ರುತಸಂಹಿತೆಯ ನಿದಾನಸ್ಥಾನದ ೧೬ನೆಯ ಅಧ್ಯಾಯವು ಮುಖರೋಗಗಳನ್ನು ೬೫ ಎಂದು ಎಣಿಸಿ, ಅವುಗಳಲ್ಲಿ ೧೭ನ್ನು ಕಂಠಗತವೆಂದು ಹೇಳುತ್ತದೆ. ಇವುಗಳಲ್ಲಿ ಗಿಲಾಯು ಎಂಬುದೊಂದು. ಅದು ನೆಲ್ಲಿಯ ಬೀಜದಷ್ಟು ಗಾತ್ರವುಳ್ಳ, ಸ್ಥಿರವೂ ಅಲ್ಪವೇದನೆಯುಳ್ಳದ್ದೂ ಆದ ಗಂಟು, ನುಂಗಿದ ಅನ್ನವು ಅಲ್ಲಿಯೇ ಸಿಕ್ಕಿಕೊಂಡಂತೆ ತೋರುವುದು, ಶಸ್ತ್ರಸಾಧ್ಯವು. ಟಾನ್ಸಿಲ್ಲಿನ ಲಿಂಫೋಮವೂ ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ ಹೆಚ್ಚು ನೋವಿಲ್ಲದೆ ಬೆಳೆದು ನುಂಗುವುದಕ್ಕೆ ಅಡ್ಡಿಯಾಗುವುದರಿಂದ, ಈ ಎರಡನ್ನೂ ಒಂದೆಂದು ಹೇಳುವ ಆಸೆ ನಮ್ಮಂತಹ ಶಾಸ್ತ್ರಾಭಿಮಾನಿಗಳಿಗೆ ಹುಟ್ಟುವುದು ಸಹಜ. ಆ ಆಸೆಯನ್ನು ತಡೆದುಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ಏಕೆಂದರೆ ಲಿಂಫೋಮವು ಕಣ್ಣಿಗೆ ಕಂಡ ಲಕ್ಷಣಮಾತ್ರದಿಂದ ನಿಶ್ಚಯವಾಗುವ ರೋಗವಲ್ಲ. ೧೮೩೨ರಲ್ಲಿ ಲಂಡನ್ನಿನ ಥಾಮಸ್ ಹಾಜ್‌ಕಿನ್ ಎಂಬ ವೈದ್ಯನು ದುಗ್ಧಗ್ರಂಥಿಗಳೂ ಪ್ಲೀಹವೂ ಊದಿಕೊಂಡಿದ್ದ ಏಳು ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಅವನು ನೋಡಿದ್ದು ಬರಿಗಣ್ಣಿನಿಂದ. ಕಾದಿರಿಸಿದ್ದ ಅಂಗಭಾಗಗಳಲ್ಲಿ ಉಳಿದವನ್ನು ೧೯೨೬ರಲ್ಲಿ ಹರ್ಬರ್ಟ್ ಫಾಕ್ಸ್ ಎಂಬಾತನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲು, ಅವೆಲ್ಲ ಒಂದೇ ರೋಗದವಲ್ಲವೆಂದು ತಿಳಿದುಬಂದಿತು. ರೋಗಕ್ಕೆ ಯಾವನ ಹೆಸರು ನಿಂತಿದೆಯೋ ಅವನ ಕಣ್ಣೇ ಹೀಗೆ ಮೋಸಹೋಗಿರಲು, ಒಂದು ಶ್ಲೋಕವನ್ನಿಟ್ಟುಕೊಂಡು ನಾವು ನಿರ್ಣಯಿಸುವುದೆಂತು?

ವಿರಳವಾದ ಪ್ರಭೇದಗಳಲ್ಲಿ ತೊಡಕು ಇನ್ನೂ ಹೆಚ್ಚು. ಮೂಗನ್ನೂ ಮುಖವನ್ನೂ ಶೀಘ್ರವಾಗಿ ತಿಂದುಹಾಕಿದ ಒಂದು ವ್ರಣವನ್ನು ೧೮೯೭ರಲ್ಲಿ ಮ್ಯಾಕ್‌ಬ್ರೈಡ್ ವರ್ಣಿಸಿದನು. ಇಂತಹವು ಬಹುಕಾಲ ಮಾರಕ ಗ್ರಾನ್ಯುಲೋಮವೆಂಬ ಹೆಸರಿನಲ್ಲಿಯೇ ಉಳಿದಿದ್ದುವು. ಅವುಗಳಲ್ಲಿ ಅನೇಕವು ಎನ್‌ಕೆ-ಟಿ ಎಂಬ ಜೀವಕೋಶಗಳ ಲಿಂಫೋಮವೆಂಬುದು ಕಳೆದ ಶತಮಾನದ ಕೊನೆಯ ದಶಕಗಳಲ್ಲಷ್ಟೆ ಸ್ಪಷ್ಟವಾಯಿತು. ಇದು ಗಂಟಲಿನಲ್ಲಿಯೂ ತಲೆದೋರುವುದುಂಟು. ಪರೀಕ್ಷೆಗೆಂದು ತೆಗೆದ ತುಣುಕಿನಲ್ಲಿ ಸತ್ತ ಮಾಂಸವೇ ಹೆಚ್ಚಾಗಿರುವುದರಿಂದ ಎರಡು ಮೂರು ಸಲ, ಆಳದಿಂದ, ತೆಗೆಯಬೇಕಾಗುವುದೂ ಉಂಟು. (ತ್ರುಟಿತವಾದ ಒಂದೇ ಓಲೆಯಿಂದ ಪಾಠನಿರ್ಣಯ ಮಾಡಬಾರದೆಂಬುದು ನಮಗೂ ತಿಳಿದ ಮಾತೇ.) ಆಮೇಲೆ ಜೀವಕೋಶದ ಮೇಲಣ ಗುರುತುಗಳನ್ನು ಪ್ರತಿಕಾಯಗಳಿಂದ ಶೋಧಿಸುವರು. ಆ ಪ್ರತಿಕಾಯಗಳನ್ನು ಬೇಕಾದಂತೆ ಪಡೆಯುವ ಮಾರ್ಗವನ್ನು ಕೋಲರ್, ಮಿಲ್‌ಸ್ಟೈನ್ ಇವರು ೧೯೭೫ರಲ್ಲಿ ತೋರಿಸಿದರು.

ಇನ್ನು ಗ್ರಂಥದೊಳಗಣ ಸಾಕ್ಷ್ಯ. ಗಿಲಾಯುವನ್ನು ಶಸ್ತ್ರದಿಂದಲೇ ಸಾಧಿಸಬೇಕೆಂದು ಸುಶ್ರುತನು ಚಿಕಿತ್ಸಾಸ್ಥಾನದ ೨೨ನೆಯ ಅಧ್ಯಾಯದಲ್ಲಿಯೂ ಹೇಳುತ್ತಾನೆ. ಲಿಂಫೋಮದಲ್ಲಾದರೋ ಶಸ್ತ್ರವು ಮುಖ್ಯವಾಗಿ ನಿದಾನಕ್ಕೆ ಬೇಕಾದ ತುಣುಕನ್ನು ತೆಗೆಯುವುದಕ್ಕೆ. ಚಿಕಿತ್ಸೆಯು ಔಷಧ, ವಿಕಿರಣಗಳಿಂದ. ಆದಕಾರಣ ಶಸ್ತ್ರದಿಂದ ಗುಣವಾದ ಗಿಲಾಯು ಬಹುಶಃ ಬೇರೆಯ ಗಂಟು. ಸುಶ್ರುತನು ಅಸಾಧ್ಯವೆಂದು ಕೈಬಿಟ್ಟ ಶತಘ್ನಿಯಲ್ಲಿ, ಎಂದರೆ ಮಾಂಸಾಂಕುರಗಳಿಂದ ತುಂಬಿ ಕಂಠವನ್ನು ಮುಚ್ಚಿ ಪ್ರಾಣಹರಣ ಮಾಡುವ ಆ ರೋಗದಲ್ಲಿ, ಲಿಂಫೋಮದ ರೋಗಿಗಳು ಕೆಲವರು ಸೇರಿದ್ದಿರಬಹುದು. ಅವರನ್ನು ಶ್ಲೋಕದಿಂದ ಬೇರ್ಪಡಿಸಿ ತೋರಿಸಲಾಗದು.